ಅರವತ್ತು ದಾಟಿದ ಸಿನಿಮಾ ಎಲ್ಲರದು. ಅದರೊಳಗಿನ ಹಾಡು ಯಾರದು?

ಪ್ರಶ್ನೆ: ನಾವು ತಿಪಟೂರಿನ ಕೆಲವು ಗೆಳೆಯರು ಸೇರಿ ಒಂದು ಬಳಗ ಮಾಡಿಕೊಂಡಿದ್ದೇವೆ. ಹಾಸ್ಯನಟ ನರಸಿಂಹರಾಜು ನಮ್ಮೂರಿನವರು. ಅವರ ನೆನಪಿಗೆ ಒಂದು ಸಂಜೆ ಬಯಲಲ್ಲಿ ಪರದೆ ಕಟ್ಟಿ ‘ರಣಧೀರ ಕಂಠೀರವ’ ತೋರಿಸಬೇಕು ಅಂದುಕೊಂಡಿದ್ದೇವೆ. ಟಿಕೆಟ್ ಇಲ್ಲ. ಅದಕ್ಕೂ ಮುಂಚೆ ಅದೇ ಸಿನಿಮಾದ ಹಾಡಿಗೆ ಮಕ್ಕಳ ಕುಣಿತ. ಆಮೇಲೆ ಇಡೀ ಸಿನಿಮಾವನ್ನು ನಮ್ಮ ಯೂಟ್ಯೂಬ್ ಚಾನೆಲ್‌ಗೆ ಹಾಕುವ ಆಸೆಯೂ ಇದೆ. ‘ಐವತ್ತು ವರ್ಷ ಆದ ಸಿನಿಮಾ ಫ್ರೀ’ ಅಂತ ಒಬ್ಬರು ಹೇಳಿದರು. ‘ಬೇಡಪ್ಪಾ, ಗಾಂಧಿನಗರದಲ್ಲಿ ಯಾರ ಹತ್ತಿರವೋ 99 ವರ್ಷದ ರೈಟ್ಸ್ ಪತ್ರ ಇರುತ್ತೆ, ಕೇಸ್ ಹಾಕ್ತಾರೆ’ ಅಂತ ಇನ್ನೊಬ್ಬರು ಹೆದರಿಸಿದರು. ಯಾವುದು ನಿಜ?

ಉತ್ತರ: ಇಬ್ಬರು ಹೇಳಿದ್ದೂ ಸರಿಯಲ್ಲ. ಲೆಕ್ಕ ಐವತ್ತಲ್ಲ, ಅರವತ್ತು. 99 ವರ್ಷದ ಪತ್ರಕ್ಕೆ ಹೆದರಬೇಕಾದ್ದೂ ಇಲ್ಲ. ನೀವು ಹೇಳಿದ ಸಿನಿಮಾದ ಕಾಪಿರೈಟ್ 2020ರ ಡಿಸೆಂಬರ್ 31ಕ್ಕೇ ಮುಗಿದಿದೆ. ಆದರೆ ನೀವು ಮಾಡಬೇಕು ಅಂದುಕೊಂಡಿರುವ ಮೂರು ಕೆಲಸಗಳಿಗೆ, ಅಂದರೆ ಪ್ರದರ್ಶನ, ಕುಣಿತ, ಯೂಟ್ಯೂಬ್, ಒಂದೇ ಉತ್ತರ ಇಲ್ಲ. ಮೊದಲನೆಯದನ್ನು ಧೈರ್ಯವಾಗಿ ಮಾಡಬಹುದು. ಎರಡನೆಯದಕ್ಕೆ ಅನುಮತಿ ಬೇಕು. ಮೂರನೆಯದರಲ್ಲಿ ತೊಡಕಿದೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಸಂಘಗಳವರು ಇಂಥದೇ ಪ್ರಶ್ನೆ ಹಿಡಿದು ನನ್ನ ಹತ್ತಿರ ಆಗಾಗ ಬರುತ್ತಾರೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ವರ್ಷದ ಲೆಕ್ಕ. ನಮ್ಮ ದೇಶದಲ್ಲಿ ಈಗ ನಡೆಯುತ್ತಿರುವುದು 1957ರ ಕಾಪಿರೈಟ್ ಕಾಯ್ದೆ. ಜಾರಿಗೆ ಬಂದದ್ದು 1958ರ ಜನವರಿ 21ರಂದು. ಅದರ 26ನೇ ಸೆಕ್ಷನ್ ಸಿನಿಮಾಗಳದ್ದು. ಸಿನಿಮಾ ಯಾವ ವರ್ಷ ಜನರ ಮುಂದೆ ಬಂತೋ, ಅದರ ಮುಂದಿನ ವರ್ಷದ ಜನವರಿ 1ರಿಂದ ಎಣಿಸಿ 60 ವರ್ಷ ರಕ್ಷಣೆ. ‘ರಣಧೀರ ಕಂಠೀರವ’ ತೆರೆಗೆ ಬಂದದ್ದು 1960ರಲ್ಲಿ. ಎಣಿಕೆ ಶುರುವಾದದ್ದು 1961ರ ಜನವರಿ 1ಕ್ಕೆ. ಮುಗಿದದ್ದು 2020ರ ಕೊನೆಗೆ. 2021ರ ಜನವರಿ 1ರಿಂದ ಅದು ಪಬ್ಲಿಕ್ ಡೊಮೇನ್, ಅಂದರೆ ಎಲ್ಲರದು. ಸುಲಭವಾಗಿ ಹೇಳುವುದಾದರೆ, ಬಿಡುಗಡೆಯಾದ ವರ್ಷಕ್ಕೆ 61 ಕೂಡಿಸಿ. ಬಂದ ವರ್ಷದ ಮೊದಲ ದಿನ ಆ ಸಿನಿಮಾ ಎಲ್ಲರದಾಗುತ್ತದೆ. 1964ರದ್ದು 2025ಕ್ಕೆ, 1965ರದ್ದು 2026ಕ್ಕೆ, 1966ರದ್ದು 2027ಕ್ಕೆ.

ಇಲ್ಲಿ ಎಣಿಸಬೇಕಾದ್ದು ಬಿಡುಗಡೆಯ ವರ್ಷವನ್ನು. ಶೂಟಿಂಗ್ ಮಾಡಿದ ವರ್ಷವನ್ನಲ್ಲ, ಸೆನ್ಸಾರ್ ಆದ ವರ್ಷವನ್ನೂ ಅಲ್ಲ. ಎಷ್ಟೋ ಜನ ಸಿನಿಮಾ ಶುರುವಿನಲ್ಲಿ ಕಾಣುವ ಸೆನ್ಸಾರ್ ಪ್ರಮಾಣಪತ್ರದ ತಾರೀಕು ನೋಡಿ ಲೆಕ್ಕ ಹಾಕಿಬಿಡುತ್ತಾರೆ. ಡಿಸೆಂಬರ್‌ನಲ್ಲಿ ಸೆನ್ಸಾರ್ ಆಗಿ ಜನವರಿಯಲ್ಲಿ ತೆರೆಕಂಡ ಸಿನಿಮಾ ಆದರೆ ಒಂದಿಡೀ ವರ್ಷ ತಪ್ಪುತ್ತದೆ. ಅನುಮಾನ ಇದ್ದರೆ ಆಗಿನ ಪತ್ರಿಕೆಗಳಲ್ಲಿ ಬಂದ ಬಿಡುಗಡೆಯ ಜಾಹೀರಾತು ಹುಡುಕಿ. ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಇನ್ನು, ತೆರೆಗೇ ಬಾರದೆ ಡಬ್ಬಿಯಲ್ಲೇ ಉಳಿದ ಸಿನಿಮಾಗಳೂ ಇರುತ್ತವೆ ಅಲ್ವಾ? ಅವುಗಳ ಎಣಿಕೆ ಶುರುವೇ ಆಗುವುದಿಲ್ಲ. ಕಾನೂನಿನ ಪ್ರಕಾರ ಅವುಗಳ ಹಕ್ಕು ಹಾಗೇ ಮುಂದುವರಿಯುತ್ತದೆ. ಇದು ಸರಿಯಲ್ಲ ಅಂತ ನನಗನಿಸುತ್ತದೆ. ಯಾರಿಗೂ ಉಪಯೋಗವಿಲ್ಲದೆ ಕೊಳೆತು ಹೋಗುವ ರೀಲಿಗೆ ಕೊನೆಯಿಲ್ಲದ ಬೇಲಿ ಯಾಕೆ?

ನಿಮ್ಮ ಗೆಳೆಯರು ಐವತ್ತು ಅಂದದ್ದಕ್ಕೂ ಕಾರಣ ಇದೆ. ಮೂಲ ಕಾಯ್ದೆಯಲ್ಲಿ ಇದ್ದದ್ದು 50 ವರ್ಷವೇ. ರವೀಂದ್ರನಾಥ ಠಾಗೋರರು ತೀರಿಕೊಂಡದ್ದು 1941ರಲ್ಲಿ. ಅವರ ಬರಹಗಳ ಕಾಪಿರೈಟ್ 1991ರ ಕೊನೆಗೆ ಮುಗಿಯುವುದರಲ್ಲಿತ್ತು. ಆ ಹಕ್ಕು ಅವರೇ ಕಟ್ಟಿದ ವಿಶ್ವವಿದ್ಯಾಲಯ ವಿಶ್ವಭಾರತಿಯ ಕೈಯಲ್ಲಿತ್ತು. ಅದನ್ನು ಉಳಿಸಬೇಕು ಅನ್ನುವ ಒತ್ತಾಯ ಜೋರಾಗಿ ಎದ್ದಿತು. 1992ರಲ್ಲಿ ಸಂಸತ್ತು ತಿದ್ದುಪಡಿ ತಂದು 50 ಅನ್ನು 60 ಮಾಡಿತು. ಅದು 1991ರ ಡಿಸೆಂಬರ್ 28ರಿಂದಲೇ ಅನ್ವಯ ಅಂತ ಹೇಳಿತು. ಅಂದರೆ ಗಡುವಿಗೆ ಮೂರು ನಾಲ್ಕು ದಿನ ಬಾಕಿ ಇದ್ದಾಗ ಬಾಗಿಲು ಮತ್ತೆ ಮುಚ್ಚಿತು. ಒಬ್ಬ ಮಹಾಕವಿಯ ಪುಸ್ತಕಗಳಿಗಾಗಿ ಮಾಡಿದ ಬದಲಾವಣೆ ದೇಶದ ಎಲ್ಲ ಸಿನಿಮಾಗಳಿಗೂ, ಎಲ್ಲ ಗ್ರಾಮಫೋನ್ ತಟ್ಟೆಗಳಿಗೂ ತಗುಲಿತು. ನಂತರದ ಹತ್ತು ವರ್ಷ ಹೊಸದಾಗಿ ಏನೂ ಜನರ ಪಾಲಿಗೆ ಬರಲಿಲ್ಲ. ಆ ತಿದ್ದುಪಡಿಗೆ ಮುಂಚೆ ಕಾನೂನು ಓದಿದವರು, ಹಳೆಯ ಪುಸ್ತಕ ಇಟ್ಟುಕೊಂಡವರು ಈಗಲೂ ಐವತ್ತು ಅನ್ನುತ್ತಾರೆ.

ಈಗ 99 ವರ್ಷದ ಪತ್ರ. ಗಾಂಧಿನಗರದಲ್ಲಿ ಅಂಥ ಪತ್ರಗಳು ಇರುವುದು ನಿಜ. ನಿರ್ಮಾಪಕರು ಕಷ್ಟಕಾಲದಲ್ಲಿ ನೆಗೆಟಿವ್ ರೈಟ್ಸ್, ಅಂದರೆ ಸಿನಿಮಾದ ಮೂಲ ಪ್ರತಿಯ ಹಕ್ಕು, ಮಾರಿರುತ್ತಾರೆ. ಅದು ಕೈಯಿಂದ ಕೈಗೆ ಹೋಗಿರುತ್ತದೆ. ‘ಶಾಶ್ವತವಾಗಿ’ ಅಂತಲೋ ‘99 ವರ್ಷಕ್ಕೆ’ ಅಂತಲೋ ಛಾಪಾ ಕಾಗದದಲ್ಲಿ ಬರೆದಿರುತ್ತಾರೆ. ಆದರೆ ನಿರ್ಮಾಪಕರ ಹತ್ತಿರ ಇದ್ದದ್ದೇ 60 ವರ್ಷದ ಹಕ್ಕು. ತಮ್ಮ ಹತ್ತಿರ ಇಲ್ಲದ್ದನ್ನು ಅವರು ಮಾರುವುದು ಹೇಗೆ? ಪತ್ರದಲ್ಲಿ ಎಷ್ಟೇ ವರ್ಷ ಬರೆದಿದ್ದರೂ ಸಿನಿಮಾದ ಕಾಪಿರೈಟ್ ಮುಗಿದ ದಿನವೇ ಆ ಹಕ್ಕೂ ಮುಗಿಯಿತು. ಆ ಪತ್ರ ತೋರಿಸಿ ಯಾರಾದರೂ ದುಡ್ಡು ಕೇಳಿದರೆ, ‘ಬಿಡುಗಡೆಯಾದದ್ದು ಇಂಥ ವರ್ಷ, 26ನೇ ಸೆಕ್ಷನ್ ನೋಡಿ’ ಅಂತ ಮರ್ಯಾದೆಯಿಂದ ಬರೆದು ಕಳಿಸಿ.

ಸಿನಿಮಾದ ಮಾಲೀಕ ಯಾರು ಅನ್ನುವುದನ್ನೂ ಹೇಳಿಬಿಡುತ್ತೇನೆ. ನಮ್ಮ ಕಾನೂನಿನಲ್ಲಿ ಸಿನಿಮಾದ ಕರ್ತೃ ನಿರ್ಮಾಪಕ. ನಿರ್ದೇಶಕ ಅಲ್ಲ, ನಾಯಕ ಅಲ್ಲ. ಮುಖ್ಯ ನಿರ್ದೇಶಕರನ್ನೂ ಜೊತೆ ಕರ್ತೃ ಮಾಡುವ ಪ್ರಸ್ತಾಪ 2010ರ ಮಸೂದೆಯಲ್ಲಿ ಇತ್ತು. 2012ರ ತಿದ್ದುಪಡಿ ಪಾಸಾಗುವ ಹೊತ್ತಿಗೆ ಅದನ್ನು ಕೈಬಿಟ್ಟರು. ‘ರಣಧೀರ ಕಂಠೀರವ’ದ್ದು ಸ್ವಲ್ಪ ವಿಶೇಷ. ಕೆಲಸ ಕಡಿಮೆಯಾಗಿದ್ದ ಕಾಲದಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನಿಮ್ಮ ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘದ ಹೆಸರಲ್ಲಿ ತಾವೇ ಮಾಡಿದ ಸಿನಿಮಾ ಅದು. ಅಂದರೆ ನರಸಿಂಹರಾಜು ಅದರಲ್ಲಿ ನಟಿಸಿದ್ದಷ್ಟೇ ಅಲ್ಲ, ಅದನ್ನು ಮಾಡಿದವರಲ್ಲೂ ಒಬ್ಬರು. ತಿಪಟೂರಿನಲ್ಲಿ ಅದನ್ನು ತೋರಿಸಬೇಕು ಅನ್ನುವ ನಿಮ್ಮ ಆಸೆಗೆ ಇದಕ್ಕಿಂತ ದೊಡ್ಡ ಕಾರಣ ಬೇಕೇ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಿನಿಮಾ ಅನ್ನುವುದು ಒಂದೇ ಹಕ್ಕಲ್ಲ. ಅದು ಕೂಡುಕುಟುಂಬದ ಮನೆ ಇದ್ದ ಹಾಗೆ. ಮನೆ ಒಂದೇ ಕಂಡರೂ ಒಳಗೆ ಪಾಲುದಾರರು ಬೇರೆ ಬೇರೆ. ಕಥೆ, ಸಂಭಾಷಣೆ, ಹಾಡಿನ ಸಾಹಿತ್ಯ, ಸಂಗೀತ ಎಲ್ಲಕ್ಕೂ ಅದರದರದೇ ಕಾಪಿರೈಟ್ ಇದೆ. ಪೋಸ್ಟರ್ ಬಿಡಿಸಿದ ಚಿತ್ರಕ್ಕೂ ಇದೆ. ಸಿನಿಮಾದ ಹಕ್ಕು ಇವುಗಳ ಹಕ್ಕನ್ನು ನುಂಗುವುದಿಲ್ಲ ಅಂತ 13ನೇ ಸೆಕ್ಷನ್‌ನಲ್ಲೇ ಬರೆದಿದೆ. ಇವುಗಳ ಲೆಕ್ಕವೂ ಬೇರೆ. ಬಿಡುಗಡೆಯಿಂದ ಅಲ್ಲ, ಬರೆದವರು ತೀರಿಕೊಂಡ ವರ್ಷದಿಂದ 60 ವರ್ಷ.

ನಿಮ್ಮ ಸಿನಿಮಾವನ್ನೇ ತಗೊಳ್ಳಿ. ಬರೆದವರು ಜಿ.ವಿ. ಅಯ್ಯರ್. ಅವರು ತೀರಿಕೊಂಡದ್ದು 2003ರಲ್ಲಿ. ಅವರ ಬರವಣಿಗೆಯ ಹಕ್ಕು 2063ರ ಕೊನೆವರೆಗೆ ಇರುತ್ತದೆ. ಸಂಗೀತ ಜಿ.ಕೆ. ವೆಂಕಟೇಶ್ ಅವರದು. ತೀರಿಕೊಂಡದ್ದು 1993ರಲ್ಲಿ. ಅವರ ರಾಗಸಂಯೋಜನೆಯ ಹಕ್ಕು 2053ರ ಕೊನೆವರೆಗೆ. ಸಿನಿಮಾ 2021ಕ್ಕೇ ಎಲ್ಲರದಾದರೂ ಒಳಗಿನ ಹಾಡು, ಮಾತು ಇನ್ನೂ ಎಷ್ಟೋ ವರ್ಷ ಕಟ್ಟಿನಲ್ಲೇ ಇರುತ್ತವೆ. ಅದೇ ಸಂಭಾಷಣೆ ಇಟ್ಟುಕೊಂಡು ನಾಟಕ ಆಡುತ್ತೇವೆ, ಸಿನಿಮಾವನ್ನು ರೀಮೇಕ್ ಮಾಡುತ್ತೇವೆ ಅಂದರೆ ಅನುಮತಿ ಬೇಕೇ ಬೇಕು. ಆದರೆ ಕಂಠೀರವ ನರಸರಾಜ ಒಡೆಯರ್ 1638ರಿಂದ 1659ರವರೆಗೆ ಮೈಸೂರನ್ನು ಆಳಿದ ದೊರೆ. ಆ ಇತಿಹಾಸ ಯಾರ ಸೊತ್ತೂ ಅಲ್ಲ. ಅವರ ಬಗ್ಗೆ ನೀವೇ ಹೊಸದಾಗಿ ನಾಟಕ ಬರೆದರೆ ಯಾರನ್ನೂ ಕೇಳಬೇಕಿಲ್ಲ. ಪುರಾಣ, ಜನಪದ ಕಥೆಗಳೂ ಹೀಗೆಯೇ.

ಇದಕ್ಕಿಂತ ಚೆನ್ನಾಗಿ ಈ ಮಾತನ್ನು ತೋರಿಸುವ ಉದಾಹರಣೆ ಕೋಲಾರ ಜಿಲ್ಲೆಯಲ್ಲೇ ಇದೆ. ಮಾಲೂರು ತಾಲ್ಲೂಕಿನ ಮಾಸ್ತಿಯವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ನಾಟಕ ‘ಕಾಕನಕೋಟೆ’. ಅದನ್ನು ಸಿ.ಆರ್. ಸಿಂಹ 1977ರಲ್ಲಿ ಸಿನಿಮಾ ಮಾಡಿದರು. ಸಿನಿಮಾದ ಹಕ್ಕು 2037ರ ಕೊನೆಗೆ ಮುಗಿಯುತ್ತದೆ. ಮಾಸ್ತಿಯವರು ತೀರಿಕೊಂಡದ್ದು 1986ರಲ್ಲಿ. ನಾಟಕದ ಹಕ್ಕು ಮುಗಿಯುವುದು 2046ರ ಕೊನೆಗೆ. ನಡುವೆ ಒಂಬತ್ತು ವರ್ಷ ಸಿನಿಮಾ ಎಲ್ಲರದು, ನಾಟಕ ಮಾತ್ರ ವಾರಸುದಾರರದು. ಅದೇ ಲೆಕ್ಕದಲ್ಲಿ ಮುಳಬಾಗಿಲಿನ ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ. ಅವರ ಕವನ ತಗೊಂಡು ಸಿನಿಮಾ ಹಾಡು ಮಾಡಬೇಕು ಅನ್ನುವವರು 2035ರ ಕೊನೆವರೆಗೆ ಅನುಮತಿ ಕೇಳಬೇಕು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1962ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟಿಸಿದ ಬರಹಗಳು 2023ರ ಜನವರಿ 1ರಿಂದಲೇ ಎಲ್ಲರದು. ಚಿಕ್ಕಬಳ್ಳಾಪುರದ ಹುಡುಗರು ಅವನ್ನು ಇಟ್ಟುಕೊಂಡು ಸಾಕ್ಷ್ಯಚಿತ್ರ ಮಾಡಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಅದು ನನಗೆ ಬೇಜಾರು.

ಹಾಗಾದರೆ ನಿಮಗೆ ಬರುವ ಪ್ರಶ್ನೆ ಇದು: ಒಳಗಿನ ಹಾಡಿಗೆ ಹಕ್ಕು ಇದೆ ಅಂದಮೇಲೆ ಇಡೀ ಸಿನಿಮಾ ತೋರಿಸುವುದು ಹೇಗೆ? ಹಾಡು ಬಂದಾಗ ಮ್ಯೂಟ್ ಮಾಡಬೇಕಾ?

ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಇದಕ್ಕೆ ಆಧಾರ 1977ರ ಸುಪ್ರೀಂ ಕೋರ್ಟ್ ತೀರ್ಪು. ಹಾಡು ಬರೆದವರ, ಸಂಗೀತ ಕಟ್ಟಿದವರ ಸಂಘವಾದ ಐಪಿಆರ್‌ಎಸ್ ಒಂದು ಕಡೆ, ಸಿನಿಮಾ ನಿರ್ಮಾಪಕರು ಇನ್ನೊಂದು ಕಡೆ. ಥಿಯೇಟರ್‌ನಲ್ಲಿ ಸಿನಿಮಾ ಓಡಿದಾಗಲೂ ಹಾಡಿಗೆ ಬೇರೆ ರಾಯಧನ ಕೊಡಬೇಕು ಅಂತ ಸಂಘ ಕೇಳಿತ್ತು. ಕೋರ್ಟ್ ಒಪ್ಪಲಿಲ್ಲ. ಸಿನಿಮಾಕ್ಕೆ ಅಂತಲೇ ಹಾಡು ಕೊಟ್ಟಮೇಲೆ, ಸಿನಿಮಾದ ಭಾಗವಾಗಿ ಅದನ್ನು ಕೇಳಿಸುವ ಹಕ್ಕು ಸಿನಿಮಾದ ಜೊತೆಗೇ ಹೋಗುತ್ತದೆ ಅಂದಿತು. ಸಿನಿಮಾದಿಂದ ಆಚೆ ಅದೇ ಹಾಡನ್ನು ಬಳಸಿದರೆ ಆಗ ಕವಿಗೆ, ಸಂಗೀತಗಾರರಿಗೆ ಹಕ್ಕು ಉಳಿಯುತ್ತದೆ ಅಂತಲೂ ಹೇಳಿತು. ಸಿನಿಮಾದ ಹಕ್ಕೇ ಮುಗಿದಮೇಲೆ, ಅದನ್ನು ಇದ್ದದ್ದು ಇದ್ದ ಹಾಗೇ, ಪೂರ್ತಿ, ಕತ್ತರಿ ಹಾಕದೆ ತೋರಿಸುವವರನ್ನು ಹಾಡಿನ ಹೆಸರಲ್ಲಿ ತಡೆಯುವುದು ನ್ಯಾಯವಲ್ಲ. ಹಾಗೆ ತಡೆದರೆ 26ನೇ ಸೆಕ್ಷನ್‌ಗೆ ಅರ್ಥವೇ ಇರುವುದಿಲ್ಲ. ಸಿನಿಮಾಕ್ಕೆ 60 ವರ್ಷ ಅಂತ ಹೇಳಿ, ಅದರೊಳಗಿನ ಒಂದು ಹಾಡಿನ ನೆಪದಲ್ಲಿ 100 ವರ್ಷ ಕಾಯಿಸಿದ ಹಾಗಾಗುತ್ತದೆ.

ಇದಕ್ಕೆ ಎದುರು ವಾದವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. 13ನೇ ಸೆಕ್ಷನ್ ಎರಡು ಹಕ್ಕನ್ನೂ ಬೇರೆ ಮಾಡಿ ಇಟ್ಟಿದೆ. ಒಂದು ಮುಗಿದರೆ ಇನ್ನೊಂದು ಮುಗಿಯುವುದಿಲ್ಲ. ಹಾಗಾಗಿ ಒಳಗಿನ ಕೃತಿಯ ಮಾಲೀಕರು ಕೇಳಬಹುದು ಅನ್ನುವ ವಕೀಲರೂ ಇದ್ದಾರೆ. 2012ರ ತಿದ್ದುಪಡಿಯಲ್ಲಿ ಸಿನಿಮಾ ಥಿಯೇಟರ್‌ನಿಂದ ಆಚೆಗಿನ ಬಳಕೆಗೆ ಕವಿಗೂ ಸಂಗೀತಗಾರರಿಗೂ ರಾಯಧನದ ಪಾಲು ಸಿಗಬೇಕು ಅಂತಲೂ ಬಂತು. ಅದು 1960ರ ಒಪ್ಪಂದಕ್ಕೆ ಎಷ್ಟು ತಟ್ಟುತ್ತದೆ ಅನ್ನುವುದು ವಾದದ ವಿಷಯ. ಇದನ್ನೆಲ್ಲ ತೂಗಿ ನೋಡಿಯೇ ಹೇಳುತ್ತೇನೆ: ಉಚಿತವಾಗಿ, ಪೂರ್ತಿಯಾಗಿ, ಹೆಸರುಗಳ ಕಾರ್ಡ್ ಸಮೇತ ತೋರಿಸಿ. ಜೊತೆಗೆ ಐಪಿಆರ್‌ಎಸ್‌ಗೆ ಒಂದು ಪತ್ರ ಬರೆದು ‘ಇಂಥ ದಿನ, ಇಂಥ ಜಾಗದಲ್ಲಿ, ಹಕ್ಕು ಮುಗಿದ ಈ ಸಿನಿಮಾವನ್ನು ಟಿಕೆಟ್ ಇಲ್ಲದೆ ತೋರಿಸುತ್ತಿದ್ದೇವೆ’ ಅಂತ ತಿಳಿಸಿಡಿ. ನಿಮ್ಮ ಒಳ್ಳೆಯ ಉದ್ದೇಶಕ್ಕೆ ಅದು ದಾಖಲೆ.

ಒಂದು ತಪ್ಪು ನಂಬಿಕೆಯನ್ನು ಇಲ್ಲೇ ತೆಗೆದುಹಾಕಬೇಕು. ‘ಟಿಕೆಟ್ ಇಲ್ಲ, ಹಾಗಾಗಿ ಯಾವ ಸಿನಿಮಾ ಬೇಕಾದರೂ ತೋರಿಸಬಹುದು’ ಅಂತ ತುಂಬಾ ಸಂಘಗಳವರು ಅಂದುಕೊಂಡಿದ್ದಾರೆ. ಇದು ತಪ್ಪು. ಹಕ್ಕು ಜೀವಂತ ಇರುವ ಸಿನಿಮಾವನ್ನು ಉಚಿತವಾಗಿ ತೋರಿಸಿದರೂ ಅದು ಉಲ್ಲಂಘನೆಯೇ. 63ನೇ ಸೆಕ್ಷನ್‌ನಲ್ಲಿ ಶಿಕ್ಷೆ ಆರು ತಿಂಗಳಿಂದ ಮೂರು ವರ್ಷ ಜೈಲು, ದಂಡ 50 ಸಾವಿರದಿಂದ 2 ಲಕ್ಷ ರೂಪಾಯಿ. ಲಾಭಕ್ಕೆ ಮಾಡಿದ್ದಲ್ಲ ಅಂತಾದರೆ ಕೋರ್ಟ್ ಕಾರಣ ಬರೆದು ಇದನ್ನು ಕಡಿಮೆ ಮಾಡಬಹುದು, ಅಷ್ಟೇ. ಹಕ್ಕಿನ ಮಾಲೀಕರು ತಾವಿರುವ ಊರಿನ ಕೋರ್ಟಿನಲ್ಲೇ ದಾವೆ ಹಾಕಬಹುದು ಅಂತ 62ನೇ ಸೆಕ್ಷನ್ ಹೇಳುತ್ತದೆ. ಅವರು ಬೆಂಗಳೂರಿನವರಾದರೆ ನೀವು ಅಲ್ಲಿಗೇ ಅಲೆಯಬೇಕು. ಶಾಲೆಗಳಿಗೆ ಮಾತ್ರ ವಿನಾಯಿತಿ ಇದೆ. ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು, ಶಾಲೆಯ ಜೊತೆ ನೇರ ಸಂಬಂಧ ಇರುವವರು ಮಾತ್ರ ಕೂತು ನೋಡುವುದಾದರೆ ಶಾಲೆಯ ಚಟುವಟಿಕೆಯಾಗಿ ತೋರಿಸಬಹುದು. ಊರವರನ್ನೆಲ್ಲ ಕರೆದರೆ ಆ ವಿನಾಯಿತಿ ಹೋಯಿತು.

ಕಾಪಿರೈಟ್ ಮುಗಿದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಸಾರ್ವಜನಿಕವಾಗಿ ತೋರಿಸುವ ಸಿನಿಮಾಕ್ಕೆ ಸೆನ್ಸಾರ್ ಪ್ರಮಾಣಪತ್ರ ಇರಬೇಕು. ಅದು 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ವಿಷಯ, ಕಾಪಿರೈಟಿಗೂ ಅದಕ್ಕೂ ಸಂಬಂಧ ಇಲ್ಲ. 2023ರ ತಿದ್ದುಪಡಿಯ ನಂತರ ಒಮ್ಮೆ ಕೊಟ್ಟ ಪ್ರಮಾಣಪತ್ರಕ್ಕೆ ಕಾಲಮಿತಿ ಇಲ್ಲ. ನಿಮಗೆ ಸಿಕ್ಕ ಪ್ರತಿಯಲ್ಲಿ ಪ್ರಮಾಣಪತ್ರದ ಚಿತ್ರ ಇದೆಯಾ ನೋಡಿಕೊಳ್ಳಿ. ಬಯಲಲ್ಲಿ ತೋರಿಸಲು ಸ್ಥಳೀಯ ಅನುಮತಿ, ಮೈಕ್‌ಗೆ ಪೊಲೀಸರ ಅನುಮತಿ ಮೊದಲೇ ತಗೊಳ್ಳಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಆಗಿನ ಸಿನಿಮಾಗಳು ಉದ್ದ. ಭಾಷಣಗಳನ್ನು ಚಿಕ್ಕದು ಮಾಡಿ, ಕತ್ತಲಾದ ಕೂಡಲೇ ಶುರು ಮಾಡಿ. ತುಮಕೂರಿನಲ್ಲಿ ಮಾಡುವವರು ಗುಬ್ಬಿ ವೀರಣ್ಣ ಕಲಾಕ್ಷೇತ್ರದಂಥ ಸಭಾಂಗಣ ಹಿಡಿದರೆ ಶಬ್ದದ ತಕರಾರು ಕಡಿಮೆ.

ಇನ್ನು ಮಕ್ಕಳ ಕುಣಿತ. ಇಲ್ಲಿ ಉತ್ತರ ಬದಲಾಗುತ್ತದೆ. ಸಿನಿಮಾದಿಂದ ಹಾಡನ್ನು ಬೇರೆ ಮಾಡಿ ವೇದಿಕೆಯಲ್ಲಿ ಹಾಕುತ್ತಿದ್ದೀರಿ. ಮೇಲೆ ಹೇಳಿದ ತೀರ್ಪಿನ ಎರಡನೇ ಭಾಗ ಇದಕ್ಕೇ ಅನ್ವಯ. ಧ್ವನಿಮುದ್ರಣದ ಹಕ್ಕಿಗೂ ಬಿಡುಗಡೆಯಿಂದ 60 ವರ್ಷದ ಲೆಕ್ಕವೇ. 1960ರಲ್ಲಿ ಬಂದ ಗ್ರಾಮಫೋನ್ ತಟ್ಟೆಯ ಹಕ್ಕು ಮುಗಿದಿದೆ. ಆದರೆ ಸಾಹಿತ್ಯ, ಸಂಗೀತದ ಹಕ್ಕು 2053, 2063ರವರೆಗೆ ಇದ್ದೇ ಇದೆ. ಅದಕ್ಕೆ ಐಪಿಆರ್‌ಎಸ್‌ನಿಂದ ಲೈಸೆನ್ಸ್ ಪಡೆಯಬೇಕು, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಅದೇ ಹಾಡನ್ನು ಈಚೆಗೆ ಯಾರಾದರೂ ಹೊಸದಾಗಿ ಹಾಡಿಸಿ ಬಿಡುಗಡೆ ಮಾಡಿದ್ದರೆ ಅದರ ಧ್ವನಿಮುದ್ರಣಕ್ಕೆ ಹೊಸದಾಗಿ 60 ವರ್ಷ ಶುರುವಾಗಿರುತ್ತದೆ. ಅದನ್ನು ಮುಟ್ಟಬೇಡಿ. ಟಿಕೆಟ್ ಇಲ್ಲದ ಸಭೆಯಲ್ಲಿ ಹವ್ಯಾಸಿ ಸಂಘದವರು ಹಾಡನ್ನು ತಾವೇ ಹಾಡಿ, ತಾವೇ ನುಡಿಸಿದರೆ 52ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ಊರಿನಲ್ಲಿ ಹಾರ್ಮೋನಿಯಂ ನುಡಿಸುವವರು, ಹಾಡುವವರು ಇದ್ದರೆ ಅವರನ್ನೇ ಕೂರಿಸಿ. ನನ್ನ ಮಟ್ಟಿಗೆ ಇದೇ ಚೆಂದ. ಕಾನೂನಿನ ತೊಂದರೆಯೂ ಕಡಿಮೆ, ಕಾರ್ಯಕ್ರಮಕ್ಕೂ ಕಳೆ ಜಾಸ್ತಿ.

ಯೂಟ್ಯೂಬ್ ಬಗ್ಗೆ ನಿಧಾನವಾಗಿ ಯೋಚಿಸಿ. ನಮ್ಮ ದೇಶದಲ್ಲಿ ಹಕ್ಕು ಮುಗಿದ ಸಿನಿಮಾ ಬೇರೆ ದೇಶದಲ್ಲಿ ಮುಗಿದಿರಬೇಕು ಅಂತೇನಿಲ್ಲ. ಕಾಪಿರೈಟ್ ಪ್ರತಿ ದೇಶಕ್ಕೂ ಬೇರೆ. ಯುರೋಪ್ ಒಕ್ಕೂಟದ ದೇಶಗಳಲ್ಲಿ ತಮ್ಮ ಸಿನಿಮಾಗಳಿಗೆ ನಿರ್ದೇಶಕ, ಚಿತ್ರಕಥೆ ಬರೆದವರು, ಸಂಭಾಷಣೆ ಬರೆದವರು, ಸಿನಿಮಾಕ್ಕೆಂದೇ ಸಂಗೀತ ಕೊಟ್ಟವರು, ಈ ನಾಲ್ವರಲ್ಲಿ ಕೊನೆಗೆ ತೀರಿಕೊಂಡವರಿಂದ 70 ವರ್ಷ ಎಣಿಸುತ್ತಾರೆ. ಅಮೆರಿಕದಲ್ಲಿ ಹಳೆಯ ಸಿನಿಮಾಗಳಿಗೆ ಬಿಡುಗಡೆಯಿಂದ 95 ವರ್ಷ. 1996ರ ಜನವರಿ 1ರಂದು ತಮ್ಮ ದೇಶದಲ್ಲಿ ಹಕ್ಕು ಉಳಿದಿದ್ದ ವಿದೇಶಿ ಕೃತಿಗಳಿಗೂ ಅಮೆರಿಕ ಈ ರಕ್ಷಣೆ ಕೊಟ್ಟಿತು. 1960ರ ಕನ್ನಡ ಸಿನಿಮಾಕ್ಕೆ ಆ ದಿನ ಇಲ್ಲಿ ಹಕ್ಕು ಇತ್ತು. ಹಾಗಾಗಿ ತಿಪಟೂರಿನಲ್ಲಿ ಎಲ್ಲರದಾದ ಸಿನಿಮಾ ಅಮೆರಿಕದಲ್ಲಿ 2055ರ ಕೊನೆವರೆಗೆ ಕಟ್ಟಿನಲ್ಲಿರುವ ಸಾಧ್ಯತೆ ಹೆಚ್ಚು. ಯೂಟ್ಯೂಬ್ ಅಮೆರಿಕದ ಕಂಪನಿ. ಅಲ್ಲಿಯ ಕಾನೂನಿನ ಪ್ರಕಾರ ದೂರು ಬಂದರೆ ವಿಡಿಯೋ ತೆಗೆಯುತ್ತಾರೆ. 90 ದಿನದೊಳಗೆ ಮೂರು ಸ್ಟ್ರೈಕ್, ಅಂದರೆ ಉಲ್ಲಂಘನೆಯ ಎಚ್ಚರಿಕೆ, ಬಿದ್ದರೆ ಚಾನೆಲ್ಲೇ ಹೋಗಬಹುದು. ಜೊತೆಗೆ ಹಾಡಿನ ತುಣುಕು ಗುರುತು ಹಿಡಿಯುವ ಯಂತ್ರ ಇದೆ. ಅದಕ್ಕೆ 60 ವರ್ಷದ ಲೆಕ್ಕ ಗೊತ್ತಾಗುವುದಿಲ್ಲ.

ಹಾಕಲೇಬೇಕು ಅಂದರೆ ಇಡೀ ಸಿನಿಮಾದ ಬದಲು ನರಸಿಂಹರಾಜು ಅವರ ಅಭಿನಯದ ಬಗ್ಗೆ ನೀವೇ ಮಾತಾಡಿ, ನಡುನಡುವೆ ಬೇಕಾದಷ್ಟೇ ತುಣುಕು ಬಳಸಿ. ವಿಮರ್ಶೆಗೆ ತಕ್ಕಷ್ಟು ಬಳಸುವುದಕ್ಕೆ ಇಲ್ಲಿಯ ಕಾನೂನೂ ಅವಕಾಶ ಕೊಡುತ್ತದೆ, ಅಮೆರಿಕದ್ದೂ ಕೊಡುತ್ತದೆ. ಅಂಥ ವಿಡಿಯೋ ನಿಮ್ಮ ಬಳಗದ ಸ್ವಂತ ಕೆಲಸವೂ ಆಗುತ್ತದೆ.

ಇದರ ಜೊತೆಗೆ ಒಂದು ಮಾತು. ‘ಹಳೆಯ ಇಂಗ್ಲಿಷ್ ಸಿನಿಮಾ ಒಂದು ನೋಟಿಸ್ ಹಾಕದೆ ಹಕ್ಕು ಕಳಕೊಂಡಿತಂತೆ, ನಮ್ಮ ಸಿನಿಮಾನೂ ರಿಜಿಸ್ಟರ್ ಮಾಡಿಸಿಲ್ಲ, ಹಾಗಾದರೆ ಫ್ರೀ ತಾನೇ?’ ಅಂತ ಕೆಲವರು ಕೇಳುತ್ತಾರೆ. ಅಮೆರಿಕದ ಹಳೆಯ ಕಾನೂನಿನಲ್ಲಿ ಕಾಪಿರೈಟ್ ಸೂಚನೆ ಹಾಕದಿದ್ದರೆ ಹಕ್ಕು ಹೋಗುತ್ತಿತ್ತು. 28 ವರ್ಷಕ್ಕೆ ನವೀಕರಣ ಮಾಡಿಸದಿದ್ದರೂ ಹೋಗುತ್ತಿತ್ತು. ನಮ್ಮಲ್ಲಿ ಹಾಗಿಲ್ಲ. ಸಿನಿಮಾ ತಯಾರಾದ ಕೂಡಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಮಾಡಿಸಿದರೆ ಸಾಕ್ಷಿಗೆ ಅನುಕೂಲ, ಅಷ್ಟೇ. ಮಾಲೀಕರು ಪತ್ತೆಯಾಗದಿದ್ದರೂ, ಬ್ಯಾನರ್ ಮುಚ್ಚಿಹೋಗಿದ್ದರೂ 60 ವರ್ಷ ಕಾಯಲೇಬೇಕು.

ಕೊನೆಯದಾಗಿ, ನೀವು ಕೇಳದೇ ಇದ್ದರೂ ಎಲ್ಲಕ್ಕಿಂತ ಮುಖ್ಯವಾದದ್ದು: ತೋರಿಸುವ ಪ್ರತಿ ಎಲ್ಲಿಂದ ತರುತ್ತೀರಿ? ಕಾಪಿರೈಟ್ ಮುಗಿದರೆ ಸಿನಿಮಾ ತೋರಿಸುವ ಹಕ್ಕು ಎಲ್ಲರಿಗೂ ಬರುತ್ತದೆ. ಆದರೆ ಯಾರದೋ ಕಪಾಟಿನಲ್ಲಿರುವ ರೀಲು ಅವರದೇ ಸೊತ್ತು. ಕೊಡಿ ಅಂತ ಕೇಳಬಹುದು, ಕೊಡಲೇಬೇಕು ಅಂತ ಹಟ ಹಿಡಿಯುವ ಹಾಗಿಲ್ಲ. ಟಿವಿಯಲ್ಲಿ ಬಂದಾಗ ರೆಕಾರ್ಡ್ ಮಾಡಿಕೊಂಡು ತೋರಿಸಬೇಡಿ. ಪ್ರಸಾರ ಮಾಡಿದ ಚಾನೆಲ್‌ಗೆ ತನ್ನ ಪ್ರಸಾರದ ಮೇಲೆ 25 ವರ್ಷದ ಬೇರೆ ಹಕ್ಕು ಇದೆ. ಯಾರೋ ದುಡ್ಡು ಖರ್ಚು ಮಾಡಿ ಹೊಸದಾಗಿ ಬಣ್ಣ ಹಾಕಿದ, ಹೊಸ ಸಬ್‌ಟೈಟಲ್ ಸೇರಿಸಿದ ಪ್ರತಿಯನ್ನೂ ಬಳಸಬೇಡಿ. ಸಬ್‌ಟೈಟಲ್ ಬರೆದವರಿಗೆ ಅದರ ಮೇಲೆ ಹೊಸ ಹಕ್ಕು ಇರುತ್ತದೆ. ಹಳೆಯ ಕಪ್ಪು ಬಿಳುಪು ಪ್ರಿಂಟ್‌ನಿಂದ ಸುಮ್ನೆ ಮಾಡಿಕೊಂಡ ಪ್ರತಿಯೇ ಸುರಕ್ಷಿತ.

ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಈಗ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಅಡಿಯಲ್ಲಿದೆ. ಅವರಿಗೆ ಬರೆದು ಕೇಳಿ. ಬೆಂಗಳೂರಿನ ಕರ್ನಾಟಕ ಚಲನಚಿತ್ರ ಅಕಾಡೆಮಿಗೂ ಬರೆಯಿರಿ. ಅದರ ಜೊತೆ ನಿಮ್ಮ ಸುತ್ತಮುತ್ತಲೂ ಹುಡುಕಿ. ತಿಪಟೂರು, ಗುಬ್ಬಿ, ಶಿರಾ, ಪಾವಗಡ ಕಡೆ ಟೂರಿಂಗ್ ಟಾಕೀಸ್ ನಡೆಸಿದ ಮನೆಗಳಲ್ಲಿ, ಮುಚ್ಚಿದ ಥಿಯೇಟರ್‌ಗಳ ಪ್ರೊಜೆಕ್ಟರ್ ರೂಮಿನಲ್ಲಿ ಡಬ್ಬಿಗಳು ಉಳಿದಿರಬಹುದು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರದು. ಅದರ ಕಾಪಿರೈಟ್ ಯಾವತ್ತೋ ಮುಗಿದಿದೆ. ಆದರೆ ಒಂದು ಪ್ರತಿಯೂ ಉಳಿದಿಲ್ಲ. ಹಕ್ಕು ಎಲ್ಲರದಾಯಿತು, ನೋಡಲು ಮಾತ್ರ ಯಾರಿಗೂ ಸಿಗಲಿಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಡಬ್ಬಿ ಸಿಕ್ಕರೆ ಅವಸರದಲ್ಲಿ ಪ್ರೊಜೆಕ್ಟರ್‌ಗೆ ಹಾಕಬೇಡಿ. ಹುಳಿ ವಿನೆಗರ್ ವಾಸನೆ ಬಂದರೆ ರೀಲು ಕೆಡಲು ಶುರುವಾಗಿದೆ ಅಂತ ಅರ್ಥ, ಓಡಿಸಿದರೆ ತುಂಡಾಗುತ್ತದೆ. 1950ರ ದಶಕದ ಶುರುವಿಗಿಂತ ಹಿಂದಿನ ರೀಲಾದರೆ ಅದು ನೈಟ್ರೇಟ್ ಅನ್ನುವ ಹಳೆಯ ಬಗೆಯ ಫಿಲ್ಮ್ ಆಗಿರಬಹುದು, ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಬಿಸಿಲು, ಶಾಖ ತಾಗದ ತಣ್ಣಗಿನ ಜಾಗದಲ್ಲಿ, ಮನೆಯಿಂದ ಆಚೆ ಇಡಿ. ಡಬ್ಬಿಯ ಮೇಲಿನ ಚೀಟಿಯ ಫೋಟೋ ತೆಗೆದು ಪುಣೆಗೆ ಕಳಿಸಿ, ಅಲ್ಲಿಂದ ಉತ್ತರ ಬರುವವರೆಗೆ ಮುಚ್ಚಳ ಬಲವಂತವಾಗಿ ತೆಗೆಯಬೇಡಿ. ಸಂಗ್ರಹಾಲಯದಿಂದ ಪ್ರತಿ ಸಿಗಲು ಸಮಯ ಹಿಡಿಯುತ್ತದೆ. ಹಾಗಾಗಿ ಅವರ ಪತ್ರ ಕೈಗೆ ಬಂದಮೇಲೆಯೇ ಕಾರ್ಯಕ್ರಮದ ತಾರೀಕು ಗೊತ್ತು ಮಾಡಿ, ಪಾಂಪ್ಲೆಟ್ ಅಚ್ಚು ಹಾಕಿಸಿ.